ಕೂಗಣ್ಣನ ಪೇಟೆಂಟು

ಕುಕ್ಕರ್ ಎಷ್ಟು ಸಲ ಕೂಗಿತು ಎಂಬ ವಿಷಯದಲ್ಲಿ ಆ ಮನೆಯ ಇಬ್ಬರು ಒಂದೇ ಮಾತು ಹೇಳಿದ್ದನ್ನು ಯಾರೂ ಕಂಡಿರಲಿಲ್ಲ. ಅತ್ತೆ ಮೂರು ಎಂದರೆ ಸೊಸೆ ಎರಡು ಎನ್ನುತ್ತಿದ್ದಳು. ಮಗ ಬಚ್ಚಲಿನಿಂದಲೇ "ನಾಲ್ಕಾಯ್ತು, ಆರಿಸ್ರಪ್ಪಾ" ಎಂದು ಅರಚುತ್ತಿದ್ದ. ಅವನ ಲೆಕ್ಕವನ್ನು ಮಾತ್ರ ಯಾರೂ ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. ಹೀಗಾಗಿ ಬೇಳೆ ಒಂದು ದಿನ ಕಲ್ಲು, ಮರುದಿನ ಅಂಟು. ಊಟಕ್ಕೆ ಕುಳಿತಾಗ ಮತ್ತೆ ಅದೇ ಜಗಳ.

ಸೊಸೆ ಬಟ್ಟೆ ಒಗೆಯುವ ಮಷಿನ್ ತಯಾರಿಸುವ ಕಂಪನಿಯಲ್ಲಿ ಎಂಜಿನಿಯರ್. ಒಂದು ಭಾನುವಾರ ಈ ಜಗಳ ಸಾಕಾಗಿ ಸೋಪಿನ ಡಬ್ಬಿಯಷ್ಟು ದೊಡ್ಡ ಪೆಟ್ಟಿಗೆಯೊಂದನ್ನು ಮಾಡಿದಳು. ಅದಕ್ಕೊಂದು ಪುಟ್ಟ ಮೈಕು, ಹಿಂದೆ ಒಂದು ಅಯಸ್ಕಾಂತ, ಮುಂದೆ 'ಕಲಿಸು' ಎಂಬ ಗುಂಡಿ. ಗುಂಡಿ ಒತ್ತಿ ಹಿಡಿದು ನಿಮ್ಮ ಕುಕ್ಕರಿನ ಕೂಗನ್ನು ಒಮ್ಮೆ ಕೇಳಿಸಿದರೆ ಮುಗಿಯಿತು. ಒಗ್ಗರಣೆ ಚಟಪಟ ಅಂದರೂ ಟೀವಿ ಕಿರುಚಿದರೂ ಅದಕ್ಕೆ ಸಂಬಂಧವಿಲ್ಲ. ಕೂಗನ್ನು ಮಾತ್ರ ಎಣಿಸಿ, ಹೇಳಿದಷ್ಟಾದಾಗ ಪೀಂ ಪೀಂ ಎನ್ನುತ್ತಿತ್ತು, ಫೋನಿಗೂ ಸಂದೇಶ ಕಳಿಸುತ್ತಿತ್ತು. ನಡುವೆ ಒಂದು ದಿನ ಸಿಲಿಂಡರ್ ಖಾಲಿಯಾಗಿ ಅಕ್ಕಿ ನೀರಿನಲ್ಲೇ ಕುಳಿತ ಮೇಲೆ ಅವಳು ಇನ್ನೊಂದು ಸಾಲು ಬರೆದಳು: ಬಹಳ ಹೊತ್ತು ಕೂಗೇ ಬರದಿದ್ದರೆ ಫೋನಿಗೆ 'ಗ್ಯಾಸ್ ನೋಡಿ' ಎಂದು ಬರಬೇಕು.

ಪೆಟ್ಟಿಗೆಗೆ ಕೂಗಣ್ಣ ಎಂದು ಹೆಸರಿಟ್ಟವಳು ಸೊಸೆಯ ಆರನೇ ಕ್ಲಾಸಿನ ಮಗಳು. ಮನೆಯಲ್ಲಿ ಅವಳನ್ನು ಲಾಯರಮ್ಮ ಎಂದು ಕರೆಯುತ್ತಿದ್ದರು. ಮಾತಿಗೆ ಮಾತು ಅವಳ ನಾಲಗೆಯ ತುದಿಯಲ್ಲೇ ಇರುತ್ತಿತ್ತು.

ಬೇಳೆ ಹದವಾಯಿತು. ಸೊಸೆಗೆ ಮಾತ್ರ ಅಷ್ಟು ಸಾಲಲಿಲ್ಲ. ಅವಳ ಆಫೀಸಿನ ರಿಸೆಪ್ಷನ್ನಿನಲ್ಲಿ ಗಾಜು ಹಾಕಿಸಿದ ಒಂದು ಪೇಟೆಂಟ್ ಪತ್ರ ತೂಗುತ್ತದೆ. ಮೋಟಾರು ಎಷ್ಟು ತಿಣುಕುತ್ತದೆ ಎಂಬುದರಿಂದಲೇ ಒಳಗಿರುವ ಬಟ್ಟೆಯ ಭಾರ ತಿಳಿಯಬಹುದು ಎಂದು ಮೊದಲು ಗಮನಿಸಿದವಳು ಅವಳು. ಪತ್ರದಲ್ಲಿರುವುದು ಬಾಸಿನದೂ ಅವನ ಇಬ್ಬರು ಬಲಗೈಗಳದೂ ಹೆಸರು. ದಿನಾ ಬೆಳಿಗ್ಗೆ ಅದರ ಮುಂದೆ ಹಾದುಹೋಗುವಾಗ ಅವಳ ಹೊಟ್ಟೆ ಉರಿಯುತ್ತಿತ್ತು. ಹಾಗಾಗಿ ಕೂಗಣ್ಣನ ಮೇಲೆ ತನ್ನದೊಂದೇ ಹೆಸರು ಇರಬೇಕೆಂದು ನಿರ್ಧರಿಸಿದಳು. ಇದಕ್ಕೂ ಕಂಪನಿಗೂ ಸಂಬಂಧವಿಲ್ಲವೆಂದು ಆಫೀಸಿನಲ್ಲಿ ಬರೆಸಿಕೊಂಡಳು. ಮೊದಲಿನದಕ್ಕಿಂತ ಅಂದವಾದ ಎರಡನೇ ಪೆಟ್ಟಿಗೆ ಮಾಡಿ ಫ್ರಿಜ್ಜಿಗೆ ಅಂಟಿಸಿದಳು. ಹಳೆಯದು ಡ್ರಾಯರಿಗೆ ಹೋಯಿತು.

ಅನಾಹುತವಾದದ್ದು ಅಲ್ಲೇ. ಡ್ರಾಯರಿನಲ್ಲಿ ಸುಮ್ಮನೆ ಬಿದ್ದಿರುವ ವಸ್ತು ಕಂಡರೆ ಅತ್ತೆಗೆ ಕೈ ತುರಿಸುತ್ತಿತ್ತು. ಆ ಮನೆಯ ಏಣಿ, ಡ್ರಿಲ್ಲು, ದೊಡ್ಡ ಪಾತ್ರೆ, ಕೊಡೆಗಳು ಮನೆಯಲ್ಲಿದ್ದದ್ದಕ್ಕಿಂತ ಕಟ್ಟಡದ ಬೇರೆ ಮನೆಗಳಲ್ಲಿ ಇದ್ದದ್ದೇ ಹೆಚ್ಚು. "ಕೊಟ್ಟರೆ ಸವೆಯುತ್ತಾ?" ಎನ್ನುವುದು ಅವರ ಮಾತು. ಸವೆಯುತ್ತಿತ್ತು, ಅದು ಬೇರೆ ವಿಷಯ.

ಪೇಟೆಂಟ್ ಏಜೆಂಟರ ಆಫೀಸಿಗೆ ಅತ್ತೆಯೂ ಬಂದರು, ಜರಿಯಿಲ್ಲದ ಒಳ್ಳೆಯ ಸೀರೆ ಉಟ್ಟು. ದಿನಾ ಬಳಸುವವಳು ನಾನಲ್ಲವೇ ಎಂಬುದು ಅವರ ವಾದ. ಏಜೆಂಟರು ಗಂಟಲು ನೋವಿನ ಮಾತ್ರೆ ಚೀಪುತ್ತಿದ್ದ ಸಣಕಲು ಮನುಷ್ಯ. ಎಲ್ಲ ಕೇಳಿಸಿಕೊಂಡು, "ಮನೆಯವರನ್ನ ಬಿಟ್ಟು ಹೊರಗಿನವರು ಯಾರಾದರೂ ಇದನ್ನ ನೋಡಿದ್ದಾರಾ?" ಎಂದರು.

"ಇಲ್ಲ" ಎಂದಳು ಸೊಸೆ.

"ಅಯ್ಯೋ, ಯಾರು ನೋಡಿಲ್ಲ ಅಂತ ಕೇಳಿ ಸಾರ್!" ಅತ್ತೆ ಕುರ್ಚಿಯಲ್ಲಿ ಮುಂದೆ ಸರಿದರು. "ಬೇಕರಿಯವರ ಮನೆ, ಎದುರು ಮನೆ, ಕೆಳಗಿನ ಹೊಸ ಮದುವೆ ಹುಡುಗಿ ಮನೆ, ಎಲ್ಲಾ ಕಡೆ ಸುತ್ತಿ ಬಂದಿದೆ. ಹೋದ ತಿಂಗಳು ಕಟ್ಟಡದ ಮೀಟಿಂಗಲ್ಲಿ ಸ್ಟೌ ಇಟ್ಟು ತೋರಿಸಿದೆ. ಚಪ್ಪಾಳೆ ಹೊಡೆದ್ರು."

"ಗುಟ್ಟಾಗಿ ಇಟ್ಕೊಳ್ಳಿ ಅಂತ ಅವರಿಗೆ ಹೇಳಿದ್ರಾ?"

"ಗುಟ್ಟು ಯಾಕೆ ಸಾರ್? ಒಳ್ಳೇ ವಸ್ತು. ನಾಲ್ಕು ಜನಕ್ಕೆ ಹೇಳಿ ಅಂತಾನೇ ಕೊಟ್ಟಿದ್ದು."

ಏಜೆಂಟರು ಪೆನ್ನು ಕೆಳಗಿಟ್ಟರು. ಪೇಟೆಂಟ್ ಸಿಗುವುದು ಹೊಸದಕ್ಕೆ; ಅರ್ಜಿ ಹಾಕುವ ಮೊದಲೇ ಊರೆಲ್ಲ ನೋಡಿದ್ದು ಕಾನೂನಿನ ಕಣ್ಣಿನಲ್ಲಿ ಹೊಸದಲ್ಲ ಎಂದು ಮೆಲ್ಲಗೆ ವಿವರಿಸಿದರು. "ಕೆಲವು ದೇಶದಲ್ಲಿ ಒಂದು ವರ್ಷ ಮಾಫಿ ಇದೆ. ನಮ್ಮಲ್ಲಿ ಇಂಥದ್ದಕ್ಕೆ ಇಲ್ಲ. ಬೇಜಾರು ಮಾಡ್ಕೋಬೇಡಿ" ಎಂದು ಇಬ್ಬರಿಗೂ ಒಂದೊಂದು ಗಂಟಲಿನ ಮಾತ್ರೆ ಕೊಟ್ಟರು.

ಬಸ್ಸಿನಲ್ಲಿ ಅತ್ತೆ ಒಂದೇ ಮಾತು ಆಡಿದರು. "ಕೊಡಬಾರದು ಅಂತ ನೀನು ಹೇಳಿರಲಿಲ್ಲ."

"ಹೇಳಬೇಕಿತ್ತಾ ಅತ್ತೆ? ನನ್ನ ವಸ್ತು ಅದು!"

ಅಲ್ಲಿಂದ ಮುಂದೆ ಮನೆಯ ಹವಾ ಕೆಟ್ಟಿತು. ಸೊಸೆ ಊಟ ಬಡಿಸುವಾಗ ಸೌಟು ತಟ್ಟೆಗೆ ಬಡಿಯುವ ಸದ್ದೇ ಬೇರೆಯಾಯಿತು. ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವ ಮಗ ಹೆಂಡತಿಯ ಕಡೆ ಮಾತಾಡಿದರೆ ತಾಯಿಗೆ ಬೇಜಾರು, ತಾಯಿಯ ಕಡೆ ಮಾತಾಡಿದರೆ ಹೆಂಡತಿಗೆ ಬೇಜಾರು. ಹಾಗಾಗಿ ಉಪ್ಪು ಕಡಿಮೆಯಾಗಿದೆ ಎಂದಷ್ಟೇ ಹೇಳಿ ಇಬ್ಬರಿಂದಲೂ ಬೈಸಿಕೊಂಡ. ಅತ್ತೆ ಯಾರೊಂದಿಗೂ ಜಗಳವಾಡಲಿಲ್ಲ. ಅದರ ಬದಲು ಎರವಲು ಕೊಡುವುದನ್ನೇ ನಿಲ್ಲಿಸಿಬಿಟ್ಟರು.

ಮೊದಲು ಪೆಟ್ಟು ತಿಂದವಳು ಮೇಲಿನ ಮನೆಯ ಡ್ರೈವರಮ್ಮ. ಅವಳು ಸಿಟಿ ಬಸ್ ಓಡಿಸುವವಳು, ಗಟ್ಟಿ ದನಿ, ಗಟ್ಟಿ ನಗು. ತೆಗೆದುಕೊಂಡದ್ದನ್ನು ಹಿಂದಿರುಗಿಸುವ ಅಭ್ಯಾಸ ಕಡಿಮೆ. ಸೊಸೆ ಅವಳನ್ನು ಹಿಂದಿನಿಂದ ಎತ್ತುವಳಿ ರಾಣಿ ಎನ್ನುತ್ತಿದ್ದಳು. ಅವಳು ಎಂದಿನಂತೆ ಬಾಗಿಲಲ್ಲಿ ನಿಂತು, "ಅಮ್ಮಾ, ಏಣಿ ಬೇಕಿತ್ತು" ಎಂದಳು.

"ಏಣಿ ಇಲ್ಲ" ಎಂದರು ಅತ್ತೆ.

ಏಣಿ ಅವರ ಬೆನ್ನ ಹಿಂದೆಯೇ ಗೋಡೆಗೆ ಒರಗಿತ್ತು. ಡ್ರೈವರಮ್ಮ ಏಣಿಯನ್ನು ನೋಡಿದಳು, ಅತ್ತೆಯ ಮುಖ ನೋಡಿದಳು, ಮೆಟ್ಟಿಲು ಹತ್ತಿ ಹೋದಳು. ಮರುದಿನ ಡ್ಯೂಟಿಗೆ ಹೋಗುವ ಮುಂಚೆ ಡ್ರಿಲ್ಲು, ದೊಡ್ಡ ಪಾತ್ರೆ, ಎರಡು ಕೊಡೆ, ಹಳೆಯ ಕೂಗಣ್ಣ ಎಲ್ಲವನ್ನೂ ಬಾಗಿಲ ಮುಂದೆ ಜೋಡಿಸಿಟ್ಟು ಬೆಲ್ ಒತ್ತಿ ಹೊರಟೇಹೋದಳು. ಎರಡನೇ ಕೊಡೆ ಆ ಮನೆಯದೇ ಅಲ್ಲ.

ಸಂಜೆ ಲಾಯರಮ್ಮ ಕೂಗಣ್ಣನನ್ನು ಎತ್ತಿಕೊಂಡು, ಅದು ಕಲಿತಿರುವ ಸದ್ದನ್ನು ತಿರುಗಿ ಕೇಳಿಸುವ ಗುಂಡಿ ಒತ್ತಿದಳು. ಕುಕ್ಕರಿನ ಕೂಗಿನ ಬದಲು ಬೇರೇನೋ ಬಂತು. ಟಕಟಕಟಕಟಕ. ಸ್ವಲ್ಪ ಬಿಡುವು. ಮತ್ತೆ ಟಕಟಕಟಕ.

"ಇದೇನಮ್ಮ?"

ಸೊಸೆ ಸೌಟು ಹಿಡಿದುಕೊಂಡೇ ಬಂದಳು. "ಇನ್ನೊಂದು ಸಲ ಒತ್ತು."

ಮಗ ಟೈಪ್‌ರೈಟರ್ ಇರಬೇಕೆಂದ. ಲಾಯರಮ್ಮ ಮರಕುಟಿಗ ಎಂದಳು.

"ಮರಕುಟಿಗಕ್ಕೆ ಯಾರು ಅಡುಗೆ ಕಲಿಸ್ತಾರೆ?" ಎಂದ ಅಪ್ಪ.

"ಈ ಕಾಲದಲ್ಲಿ ಟೈಪ್‌ರೈಟರ್ ಯಾರ ಮನೇಲಿದೆ?" ಎಂದಳು ಮಗಳು.

ಸೊಸೆ ಪೆಟ್ಟಿಗೆಯೊಳಗಿನ ಲೆಕ್ಕಗಳನ್ನು ತೆಗೆದು ನೋಡಿದಳು. ಎಷ್ಟು ಕೂಗಿಗೆ ನಿಲ್ಲಿಸಬೇಕು ಎಂಬಲ್ಲಿ ಏನೂ ಇರಲಿಲ್ಲ. ಎಷ್ಟು ಹೊತ್ತು ಸದ್ದು ಬರದಿದ್ದರೆ ಹೇಳಬೇಕು ಎಂಬಲ್ಲಿ ಮಾತ್ರ ಅರ್ಧ ಗಂಟೆ ಎಂದಿತ್ತು. ಇದಾವ ಅಡುಗೆ ಎಂದು ಅವಳಿಗೆ ಹೊಳೆಯಲಿಲ್ಲ. ಮರುದಿನ ಆಫೀಸಿಗೆ ಒಯ್ದು ಊಟದ ಹೊತ್ತಿನಲ್ಲಿ ಆ ಸದ್ದನ್ನು ಕಂಪ್ಯೂಟರಿನ ಪರದೆಯ ಮೇಲೆ ಹರಡಿ ನೋಡಿದಳು. ಡಬ್ಬಿಯ ಅನ್ನ ತಣ್ಣಗಾಯಿತು. ಆ ಎರಡು ದಿನ ಅತ್ತೆಯ ಮೇಲಿನ ಸಿಟ್ಟು ಅವಳಿಗೆ ನೆನಪೇ ಆಗಲಿಲ್ಲ. ಮನೆಗೆ ಬಂದು ಊಟದ ಮೇಜಿನ ಮೇಲಿಟ್ಟು ಮತ್ತೆ ಒತ್ತಿದಳು.

"ಹೊಲಿಗೆ ಮಷಿನ್ ಕಣೇ" ಎಂದರು ಅತ್ತೆ, ತಟ್ಟೆಯಿಂದ ತಲೆ ಎತ್ತದೆ. ಆ ವಾರದಲ್ಲಿ ಮೇಜಿನ ಮುಂದೆ ಅವರು ಆಡಿದ ಮೊದಲ ಮಾತು. "ಮೇಲಿನ ಮನೆ ಅಜ್ಜಿದು. ಆವಾಗಿಂದ ಬಾಯಿಗೆ ಬರ್ತಿತ್ತು. ನೀವು ಕೇಳಲಿಲ್ಲ, ನಾನು ಹೇಳಲಿಲ್ಲ."

ಊಟ ಮುಗಿದದ್ದೇ ಅತ್ತೆ ಸೊಸೆ ಇಬ್ಬರೂ ಮೆಟ್ಟಿಲು ಹತ್ತಿದರು. ಡ್ರೈವರಮ್ಮನ ಮನೆಯ ನಡುಕೋಣೆಯಲ್ಲಿ ಅವಳ ಯೂನಿಫಾರಂ ಹಗ್ಗದ ಮೇಲೆ ಒಣಗುತ್ತಿತ್ತು. ಕಿಟಕಿಯ ಪಕ್ಕ ಅವಳ ತಾಯಿ ಚೂರು ಬಟ್ಟೆ ಜೋಡಿಸಿ ಚೀಲ ಹೊಲಿಯುತ್ತ ಕುಳಿತಿದ್ದರು. ಬಂದವರನ್ನು ನೋಡಿ ತಲೆಯಾಡಿಸಿ ಮತ್ತೆ ತುಳಿಯತೊಡಗಿದರು.

ಡ್ರೈವರಮ್ಮ ಬಾಗಿಲಿಗೆ ಅಡ್ಡ ನಿಂತಿದ್ದಳು. "ಎಲ್ಲಾ ವಾಪಸ್ ಕೊಟ್ಟಿದ್ದೀನಲ್ಲ. ಇನ್ನೇನು ಬಾಕಿ?"

"ಜಗಳಕ್ಕೆ ಬಂದಿಲ್ಲ" ಎಂದಳು ಸೊಸೆ. "ಇದಕ್ಕೆ ಮಷಿನ್ ಸದ್ದು ಯಾಕೆ ಕಲಿಸಿದ್ರಿ? ಅದನ್ನ ತಿಳ್ಕೊಳ್ಳೋಕೆ ಬಂದೆ. ಎರಡು ದಿನದಿಂದ ತಲೆ ಕೆರ್ಕೊಂಡು ಸಾಕಾಯ್ತು."

ಡ್ರೈವರಮ್ಮ ಒಳಗೆ ಕರೆದಳು. ದನಿ ತಗ್ಗಿಸುವ ಅಗತ್ಯವಿರಲಿಲ್ಲ, ಅಜ್ಜಿಗೆ ಕಿವಿ ಕೇಳುವುದಿಲ್ಲ, ಆದರೂ ತಗ್ಗಿಸಿದಳು. "ನಾನು ಡ್ಯೂಟಿಗೆ ಹೋದ್ರೆ ಅಮ್ಮ ಒಬ್ರೇ. ಫೋನ್ ಬಡ್ಕೊಂಡ್ರೂ ಕೇಳಲ್ಲ. ಕ್ಯಾಮೆರಾ ಹಾಕಿಸಿದೆ, ಅದಕ್ಕೆ ಟವೆಲ್ ಹೊದಿಸಿಬಿಟ್ರು. 'ನಾನೇನು ಬ್ಯಾಂಕಾ?' ಅಂದ್ರು. ದಿನವಿಡೀ ಹೊಲೀತಾನೇ ಇರ್ತಾರೆ ನೋಡಿ. ಮಷಿನ್ ಓಡ್ತಿದ್ರೆ ಅಮ್ಮ ಚೆನ್ನಾಗಿದ್ದಾರೆ ಅಂತ ಲೆಕ್ಕ. ಅದಕ್ಕೇ ಕೂಗಣ್ಣನ್ನ ಮಷಿನ್ ಡ್ರಾಯರಲ್ಲಿ ಬಚ್ಚಿಟ್ಟಿದ್ದೆ. ಸದ್ದು ನಿಂತು ಅರ್ಧ ಗಂಟೆ ಆದ್ರೆ ನನ್ನ ಫೋನಿಗೆ 'ಗ್ಯಾಸ್ ನೋಡಿ' ಅಂತ ಬರುತ್ತೆ. ಕೊನೇ ಸ್ಟಾಪಲ್ಲಿ ಬಸ್ ನಿಲ್ಲಿಸಿ ಮೊದಲು ಅದನ್ನೇ ನೋಡೋದು."

"ಬಂದಿತ್ತಾ ಯಾವತ್ತಾದ್ರೂ?"

"ಊಟದ ಹೊತ್ತಿಗೆ ದಿನಾ ಬರುತ್ತೆ, ಅದು ಬಿಡಿ. ಒಂದು ಸಲ ಬರಬಾರದ ಹೊತ್ತಲ್ಲಿ ಬಂತು. ಎದುರು ಮನೆಯವರಿಗೆ ಫೋನ್ ಮಾಡಿ, ಸ್ವಲ್ಪ ನೋಡಿ ಅಂದೆ. ಬಚ್ಚಲಲ್ಲಿ ಬಿದ್ದಿದ್ರು."

ಅತ್ತೆ ಬಾಯಿಯ ಮೇಲೆ ಕೈ ಇಟ್ಟುಕೊಂಡರು. "ನಮಗೂ ಒಂದು ಮಾತು ಹೇಳಬಾರದಿತ್ತೇನೇ?"

"ಯಾರಿಗೂ ಹೇಳಿಲ್ಲಮ್ಮ. ಬಾಯಿಂದ ಬಾಯಿಗೆ ಹೋಗಿ ಅಮ್ಮನಿಗೆ ಗೊತ್ತಾದ್ರೆ ಇದಕ್ಕೂ ಟವೆಲ್ಲೇ."

"ಮತ್ತೆ ವಾಪಸ್ ಯಾಕೆ ಕೊಟ್ಟೆ?"

"ಬೆನ್ನ ಹಿಂದೆ ಏಣಿ ಇಟ್ಕೊಂಡು ಏಣಿ ಇಲ್ಲ ಅಂದ್ರಲ್ಲ. ನನಗೂ ಮಾನ ಅನ್ನೋದು ಇದೆ." ಸ್ವಲ್ಪ ತಡೆದು ಹೇಳಿದಳು, "ಕೊಟ್ಟ ದಿನದಿಂದ ಸ್ಟೀರಿಂಗ್ ಮೇಲೆ ಕೈ ಸರಿಯಾಗಿ ಕೂರ್ತಿಲ್ಲ."

ಅತ್ತೆ ಸೊಸೆಯ ಕೈಯಿಂದ ಪೆಟ್ಟಿಗೆ ತೆಗೆದುಕೊಂಡು ಡ್ರೈವರಮ್ಮನ ಕೈಗಿಟ್ಟರು. ಸೊಸೆಯ ಮುಖವನ್ನು ಮಾತ್ರ ನೋಡಲಿಲ್ಲ. "ಇಟ್ಕೊಳ್ಳಿ" ಎಂದಳು ಸೊಸೆ.

ಏಜೆಂಟರಿಗೆ ಅವಳು ಫೋನ್ ಮಾಡಿದ್ದು ಮರುದಿನ, ಬಾಲ್ಕನಿಯಲ್ಲಿ ನಿಂತು. ಅಲ್ಲೇ ಅತ್ತೆ ಒಣಗಿದ ಬಟ್ಟೆ ಮಡಿಸುತ್ತಿದ್ದರು. ಹೊಲಿಗೆ ಮಷಿನ್ನಿನ ಕಥೆ ಕೇಳಿ ಏಜೆಂಟರ ದನಿ ಮೊದಲ ಬಾರಿಗೆ ಚುರುಕಾಯಿತು. ಕೂಗು ಎಣಿಸುವುದು ಕೈತಪ್ಪಿತು. ಆದರೆ ಮನೆಯೊಳಗಿನ ರೂಢಿಯ ಸದ್ದೊಂದನ್ನು ಕಲಿತು, ಅದು ನಿಂತಾಗ ದೂರದವರಿಗೆ ತಿಳಿಸುವುದು ಬೇರೆಯೇ ವಿಷಯ. ತಾವು ಹುಡುಕಿ ನೋಡುವುದಾಗಿ ಹೇಳಿದರು. ಯಾರಿಗೂ ಗೊತ್ತಿಲ್ಲವೆಂದಾದರೆ ತಡಮಾಡದೆ ಅರ್ಜಿ ಹಾಕಬೇಕು. ಆಮೇಲೆ ಕೇಳಿದರು, "ಈ ಯೋಚನೆ ಯಾರಿಗೆ ಬಂದಿದ್ದು?"

ಸೊಸೆ ಬೀದಿಯನ್ನು ನೋಡುತ್ತ, "ನನಗೇ" ಎಂದಳು.

ಅತ್ತೆ ಕೈಯಲ್ಲಿದ್ದ ದಿಂಬಿನ ಚೀಲವನ್ನು ಎರಡು ಸಲ ಮಡಿಸಿ ಮತ್ತೆ ಬಿಚ್ಚಿದರು. ಅದು ಸುಳ್ಳೆನ್ನಲು ತಮಗೆ ಮುಖವಿಲ್ಲವೆಂದು ಅವರಿಗೆ ಅನಿಸಿತ್ತು.

ವಾರದೊಳಗೆ ಏಜೆಂಟರು ಹುಡುಕಿ, ಇಂಥದ್ದು ತಮ್ಮ ಕಣ್ಣಿಗೆ ಬಿದ್ದಿಲ್ಲವೆಂದರು. ಮಗ ಖುಷಿಯಿಂದ ಹಣ್ಣು ತಂದ. ಊಟದ ಮೇಜಿನ ಮೇಲೆ ವಿಷಯ ಪ್ರಸ್ತಾಪವಾದದ್ದೇ ಲಾಯರಮ್ಮ ಬಾಯಿ ತೆರೆದಳು.

"ಮೇಲಿನ ಮನೆ ಆಂಟಿ ಹೆಸರೂ ಇರುತ್ತಲ್ವಾ?"

"ಅವರ ಹೆಸರು ಯಾಕೆ?" ಎಂದ ಅಪ್ಪ. "ಪೆಟ್ಟಿಗೆ ಯಾರದ್ದು? ಗುಂಡಿ ಯಾರದ್ದು? ಗ್ಯಾಸ್ ನೋಡಿ ಅಂತ ಬರೆದಿದ್ದು ಯಾರು? ಆ ಯಮ್ಮ ಒತ್ತಿದ್ದು, ಅಷ್ಟೇ."

"ಅಮ್ಮ ಯಾಕೆ ಒತ್ತಿರಲಿಲ್ಲ ಮತ್ತೆ?"

"ನೀನು ಸುಮ್ಮನೆ ಊಟ ಮಾಡು" ಎಂದಳು ಸೊಸೆ.

ಅತ್ತೆ ತಟ್ಟೆಯ ಅಂಚಿಗೆ ಅನ್ನ ಸರಿಸಿದರು. "ನಮ್ಮ ಪಾತ್ರೆ ಎರವಲು ತಗೊಂಡು ಅವಳು ಅಡುಗೆ ಮಾಡಿದ್ರೆ, ಪಾತ್ರೆ ನಮ್ಮದು ಸರಿ. ಅಡುಗೇನೂ ನಮ್ಮದೇ ಅಂತೀಯೇನಪ್ಪ?"

"ಪಾತ್ರೆ ಇಲ್ದೆ ಅಡುಗೆ ಎಲ್ಲಿ ಆಗ್ತಿತ್ತಮ್ಮ?"

"ಅದಕ್ಕೇ ಹೇಳ್ತಿರೋದು, ಇಬ್ಬರ ಹೆಸರೂ ಹಾಕಿ."

ಸೊಸೆ ಎದ್ದು ನಿಂತಳು. "ಹಾಳು ಮಾಡಿದ್ದೂ ನೀವೇ, ನ್ಯಾಯ ಹೇಳೋರೂ ನೀವೇನಾ ಅತ್ತೆ? ಒಂದು, ಒಂದೇ ಒಂದು ವಸ್ತು ನನ್ನದು ಅಂತ ಇರಬಾರದಾ ಈ ಮನೇಲಿ?"

ಯಾರೂ ಹಣ್ಣು ತಿನ್ನಲಿಲ್ಲ. ಅತ್ತೆ ತಮ್ಮ ತಟ್ಟೆ ತಾವೇ ತೊಳೆದಿಟ್ಟು ಕೋಣೆಗೆ ಹೋದರು. ಸೊಸೆಗೆ ಅಯ್ಯೋ ಅನಿಸಿತು. ಆದರೆ ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವ ಮನಸ್ಸಾಗಲಿಲ್ಲ.

ಮರುದಿನ ಆಫೀಸಿನಲ್ಲಿ ಗಾಜಿನ ಪತ್ರದ ಎದುರು ಬಾಸ್ ಸಿಕ್ಕ. ಕೆಟ್ಟ ಮನುಷ್ಯನಲ್ಲ, ಅವಳ ಮಗಳ ಪರೀಕ್ಷೆಯ ಬಗ್ಗೆ ನೆನಪಿಟ್ಟುಕೊಂಡು ಕೇಳುವವನು. ಅವಳಿಗೆ ಏನನ್ನಿಸಿತೋ, ಇಷ್ಟು ದಿನ ನುಂಗಿಕೊಂಡದ್ದನ್ನು ಅಲ್ಲೇ ಕೇಳಿಬಿಟ್ಟಳು. "ಸಾರ್, ಇದನ್ನ ಮೊದಲು ಗಮನಿಸಿದ್ದು ನಾನು. ನನ್ನ ಹೆಸರು ಯಾಕೆ ಹಾಕಲಿಲ್ಲ?"

ಅವನಿಗೆ ನಿಜವಾಗಿಯೂ ಆಶ್ಚರ್ಯವಾಯಿತು. "ಅಯ್ಯೋ, ಅದು ಇನ್ನೂ ಮನಸ್ಸಲ್ಲಿದೆಯಾ? ಮೋಟಾರು ನಾವು ಮಾಡಿದ್ದು, ಅದನ್ನ ಅಳೆಯೋ ಸರ್ಕ್ಯೂಟು ನಾವು ಹಾಕಿದ್ದು. ನೀನು ನೋಡಿದೆ, ಅಷ್ಟೇ ತಾನೇ?"

ಅಷ್ಟೇ ತಾನೇ. ಅವನು ಮೋಸವೆಂದು ತಿಳಿದೇ ತನ್ನ ಹೆಸರು ಬಿಟ್ಟಿದ್ದಾನೆಂದು ಅವಳು ಇಷ್ಟು ವರ್ಷ ನಂಬಿದ್ದಳು. ಅವನು ನಂಬಿಕೊಂಡೇ ಹೇಳುತ್ತಿದ್ದ. ಅವಳಿಗೆ ನಾಚಿಕೆಯಾಯಿತು, ಅವನಿಗಾಗಿ ಅಲ್ಲ.

ಸಂಜೆ ಚೀಲವನ್ನೂ ಕೆಳಗಿಡದೆ ನೇರ ಮೇಲಿನ ಮನೆಗೆ ಹೋದಳು. ಡ್ರೈವರಮ್ಮ ಆಗಷ್ಟೇ ಬಂದು ಕಾಲು ಚಾಚಿ ಕೂತಿದ್ದಳು. ಸೊಸೆ ನಿಂತುಕೊಂಡೇ ಪೇಟೆಂಟಿನ ಕಥೆಯೆಲ್ಲ ಹೇಳಿದಳು. ಕೊನೆಗೆ, "ನಿಮ್ಮ ಯೋಚನೇನ ನಂದು ಅಂತ ಏಜೆಂಟರಿಗೆ ಹೇಳಿಬಿಟ್ಟಿದ್ದೀನಿ" ಎಂದಳು.

ಡ್ರೈವರಮ್ಮ ಚಾಚಿದ ಕಾಲು ಮಡಿಸಿಕೊಂಡಳು. "ನನಗೆ ನೀವು ಎತ್ತುವಳಿ ರಾಣಿ ಅಂತೀರಂತೆ. ಮೆಟ್ಟಿಲಲ್ಲಿ ಮಾತಾಡಿದ್ರೆ ಕೇಳಿಸುತ್ತೆ ಅಕ್ಕ, ನನ್ನ ಕಿವಿ ಚೆನ್ನಾಗಿದೆ. ನಾನು ಏಣಿ ತಗೊಂಡ್ರೂ ಕೇಳಿ ತಗೊಂಡೆ. ನೀವು?"

ಸೊಸೆಯ ಕಣ್ಣು ತುಂಬಿತು. "ನಾಳೆ ಬನ್ನಿ ನನ್ನ ಜೊತೆ. ಅವರ ಮುಂದೇನೇ ಹೇಳ್ತೀನಿ."

"ನಾಳೆ ಬೆಳಿಗ್ಗೆ ಡ್ಯೂಟಿ. ಮಧ್ಯಾಹ್ನ ಆದ್ರೆ ಬರ್ತೀನಿ." ಡ್ರೈವರಮ್ಮ ಏಳುತ್ತ ಹೇಳಿದಳು, "ಕೂತ್ಕೊಳ್ಳಿ. ಟೀ ಕುಡಿಯೋಕೆ ಪೇಟೆಂಟ್ ಬೇಕಿಲ್ಲ."

ಕೆಳಗೆ ಬಂದು ಅತ್ತೆಗೆ ಹೇಳಿದಾಗ ಅವರು ಸೊಸೆಯ ಚೀಲ ತೆಗೆದು ಕುರ್ಚಿಯ ಮೇಲಿಟ್ಟರು. ಆಮೇಲೆ, "ಅಜ್ಜಿ ಹತ್ರ ನಾನು ಕೂತಿರ್ತೀನಿ. ನೀವಿಬ್ರೂ ನಿಧಾನವಾಗಿ ಬನ್ನಿ" ಎಂದರು.

ಏಜೆಂಟರು ಇಬ್ಬರನ್ನೂ ಕೂರಿಸಿ, ಯಾರದು ಎಷ್ಟು ಎಂದು ಕೇಳಿದರು. ಸೊಸೆ ಪೆಟ್ಟಿಗೆಯ ಬಗ್ಗೆ ಹೇಳಿದಳು. ಡ್ರೈವರಮ್ಮನ ಸರದಿ ಬಂದಾಗ ಅವಳು ಬಸ್ಸಿನಲ್ಲಿ ಹಿಂದಿನ ಸೀಟಿಗೂ ಕೇಳುವ ದನಿಯಲ್ಲಿ, "ಇವರ ಪೆಟ್ಟಿಗೆ ಸದ್ದು ಬಂದ್ರೆ ಕೂಗೋದು ಸಾರ್. ಮನೇಲಿ ನಮಗೆ ಭಯ ಆಗೋದು ಸದ್ದು ನಿಂತಾಗ" ಎಂದಳು.

ಏಜೆಂಟರು ಬರೆದುಕೊಳ್ಳುವುದನ್ನು ನಿಲ್ಲಿಸಿ ಸೊಸೆಯತ್ತ ನೋಡಿದರು. "ಹೋದ ಸಲ ಇದು ನಿಮ್ಮ ಯೋಚನೆ ಅಂದ್ರಿ."

"ಸುಳ್ಳು ಹೇಳಿದ್ದೆ" ಎಂದಳು ಸೊಸೆ. "ಸಿಲಿಂಡರ್ ಖಾಲಿ ಆಗೋದರ ಆಚೆಗೆ ನಾನು ಯೋಚನೇನೇ ಮಾಡಿರಲಿಲ್ಲ. ಅದು ಇವರದು."

ಪೇಟೆಂಟ್ ಸಿಗುತ್ತದೋ ಇಲ್ಲವೋ ಎನ್ನುವುದು ಇನ್ನು ವರ್ಷಗಳ ಮಾತು ಎಂದು ಏಜೆಂಟರು ಎಚ್ಚರಿಸಿದರು. ಹೆಸರುಗಳ ಜಾಗಕ್ಕೆ ಬಂದಾಗ ಕೀಲಿಮಣೆಯ ಮೇಲೆ ಬೆರಳಿಟ್ಟು, "ಯಾರದು ಮೊದಲು? ಕಾನೂನಿಗೆ ಎರಡೂ ಒಂದೇ, ಹಿಂದೆ ಮುಂದೆ ಅನ್ನೋದಿಲ್ಲ" ಎಂದರು.

"ಹಾಗಿದ್ರೆ ನಂದೇ ಮೊದಲು ಹಾಕಿ" ಎಂದಳು ಡ್ರೈವರಮ್ಮ, ಒಂದು ಕ್ಷಣವೂ ಯೋಚಿಸದೆ.

ಏಜೆಂಟರು ಸೊಸೆಯ ಕಡೆ ತಿರುಗಿದರು. ಎಷ್ಟೋ ವರ್ಷಗಳಿಂದ ಅವಳು ಅಂಥ ಜಾಗದಲ್ಲಿ ಮನಸ್ಸಿನಲ್ಲೇ ಕಂಡದ್ದು ತನ್ನದೊಂದೇ ಹೆಸರನ್ನು. ಅದು ಇನ್ನೊಂದು ಹೆಸರಿನ ಕೆಳಗೆ ಹೋಗುವುದೆಂದರೆ ಏನೆಂದು ಅವಳಿಗೆ ಗೊತ್ತಿತ್ತು. ಹೆಸರೇ ಇಲ್ಲದಿರುವುದೆಂದರೆ ಏನೆಂದು ಅದಕ್ಕಿಂತ ಚೆನ್ನಾಗಿ ಗೊತ್ತಿತ್ತು.

"ಹಾಕಿ" ಎಂದಳು.

ಹೇಳಿದ ಮೇಲೂ ಹೊಟ್ಟೆಯಲ್ಲಿ ಚೂರು ಉರಿ ಉಳಿದೇ ಇತ್ತು. ಅದನ್ನು ಅಲ್ಲಗಳೆಯಲು ಹೋಗದೆ, ಪಕ್ಕದ ಕುರ್ಚಿಯವಳು ತನ್ನ ಹೆಸರಿನ ಅಕ್ಷರ ಒಂದೊಂದನ್ನೂ ಗಟ್ಟಿಯಾಗಿ ಹೇಳಿ ಬರೆಸುವುದನ್ನು ಅವಳು ಕೊನೆಯವರೆಗೂ ಕೇಳಿಸಿಕೊಂಡಳು. ಆಮೇಲೆ ಕುರ್ಚಿಯನ್ನು ಮುಂದಕ್ಕೆಳೆದುಕೊಂಡು ತನ್ನದನ್ನು ಹೇಳಿದಳು.